ದಿನಾ ಮೆಟ್ಟಿಲು ಹತ್ತು

ನನ್ನ ಮಾವ ಜೀವನದಲ್ಲಿ ಬೇಕಾದಷ್ಟು ಏರಿಳಿತ ಕಂಡವರು. ದಿನಕ್ಕೆ ಸುಮಾರು ಇನ್ನೂರು. ಎಲ್ಲವನ್ನೂ ಒಂದೇ ಸ್ಟೂಲಿನ ಮೇಲೆ ಕೂತು ಕಂಡವರು, ಏಕೆಂದರೆ ಅವರು ಲಿಫ್ಟ್ ನಡೆಸುತ್ತಿದ್ದರು.

ಹಳೇ ಕಟ್ಟಡ, ಅದಕ್ಕೊಪ್ಪುವ ಲಿಫ್ಟು. ಕರೆಗಂಟೆಗೂ ಲೆಕ್ಕವಿತ್ತು: ಎರಡನೇ ಮಹಡಿಯವರು ಎರಡು ಸಲ ಒತ್ತಬೇಕು, ನಾಲ್ಕನೆಯವರು ನಾಲ್ಕು ಸಲ. ಗಂಟೆ ಕೇಳಿದರೆ ಮಾವ ಬಾಯಲ್ಲಿದ್ದ ತುತ್ತನ್ನು ಕೆನ್ನೆಗೆ ತಳ್ಳಿ ಹೊರಡುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಯಾವ ಕರೆಗಂಟೆಯನ್ನೂ ಒಂದು ನಿಮಿಷವೂ ಕಾಯಿಸಿದವರಲ್ಲ.

ನಮ್ಮ ಮನೆಯೂ ನಾಲ್ಕನೇ ಮಹಡಿ. ಆದರೆ ಲಿಫ್ಟಿಲ್ಲ. ಮಾವ ಆರನೇ ಮೆಟ್ಟಿಲಿಗೇ ಕೂತುಬಿಡುತ್ತಿದ್ದರು. ಮೊಮ್ಮಗಳನ್ನು ನಾವೇ ಕೆಳಗೆ ತಂದು, ಸ್ಯಾಂಪಲ್ ತೋರಿಸಿದ ಹಾಗೆ ತೋರಿಸಿ, ವಾಪಸು ಒಯ್ಯುತ್ತಿದ್ದೆವು.

ನನ್ನ ಹೆಂಡತಿಯ ಹೆರಿಗೆ ರಜೆ ಮುಗಿಯಲು ಮೂರು ತಿಂಗಳಿತ್ತು. ಅದು ಮುಗಿಯುವ ಹೊತ್ತಿಗೇ ಮಾವನ ನಿವೃತ್ತಿಯೂ. ಮಗುವನ್ನು ತಾವೇ ನೋಡಿಕೊಳ್ಳಬೇಕೆಂದು ಅವರ ಹಟ.

"ನೋಡ್ಕೋ ಅಪ್ಪಾ, ಯಾರು ಬೇಡ ಅಂದ್ರು? ಆದ್ರೆ ಮಗು ಇರೋದು ಮೇಲೆ," ಎಂದಳು ಇವಳು. "ದಿನಾ ಹತ್ತಿ ಬಂದ್ರೆ ಮಗು ನಿಂದು. ಇಲ್ಲಾಂದ್ರೆ ಶಿಶುವಿಹಾರ. ಹೆಸರು ಬರೆಸಿಟ್ಟಿದೀನಿ."

"ಅಲ್ಲಿ ಇಪ್ಪತ್ತು ಮಕ್ಕಳಿಗೆ ಒಬ್ಬಳೇ ಆಯಾ ಕಣೇ."

"ನಿನ್ನ ಲಿಫ್ಟಲ್ಲೂ ಎಂಟು ಜನಕ್ಕೆ ನೀನೊಬ್ಬನೇ. ಏನಾಯ್ತು?"

"ಅವರ್ಯಾರೂ ಚಡ್ಡಿ ಒದ್ದೆ ಮಾಡ್ಕೋತಿರಲಿಲ್ಲ."

ಮಾವ ತಮ್ಮ ಶಾಲೆಯ ಗೆಳೆಯ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಎದೆ ಕೇಳಿ, ಮಂಡಿ ತಟ್ಟಿ, "ಎಲ್ಲಾ ಗಟ್ಟಿಯಾಗಿದೆ ಕಣೋ. ನಿನ್ನ ಕಾಲು ಇದುವರೆಗೆ ಕಾಲುಭಾಗ ಕೆಲಸಾನೂ ಮಾಡಿಲ್ಲ, ಅಷ್ಟೆ," ಎಂದು ಚೀಟಿಯಲ್ಲಿ ಮೂರು ಪದ ಬರೆದುಕೊಟ್ಟರು: ದಿನಾ ಮೆಟ್ಟಿಲು ಹತ್ತು.

ಮರುದಿನದಿಂದಲೇ ಶುರು. ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ ಇರುವಾಗ, ಲಿಫ್ಟಿನ ಪಕ್ಕದ ಮೆಟ್ಟಿಲಲ್ಲಿ. ಮುಗಿದ ಮೇಲೆ ಲಿಫ್ಟಿನ ಗೋಡೆಗೆ ಪೆನ್ಸಿಲಿನಲ್ಲಿ ಒಂದು ಗೀಟು. ಭಾನುವಾರವೂ ಅದಕ್ಕೆಂದೇ ಬಸ್ಸು ಹತ್ತಿ ಹೋಗಿಬಂದರು. ಜ್ವರ ಬಂದ ದಿನ ಕಂಬಳಿ ಹೊದ್ದು ಹೋದರು. ಮೊದಲ ವಾರ ಕಂಬಿಯನ್ನು ತಬ್ಬಿಕೊಂಡಿದ್ದವರು ಮೂರನೇ ತಿಂಗಳಿಗೆ ಶಿಳ್ಳೆ ಹಾಕುತ್ತಿದ್ದರಂತೆ.

"ಹೇಗೆ ಸಾಗ್ತಿದೆ ಮಾವ?"

"ಒಂದು ದಿನಾನೂ ತಪ್ಪಿಸಿಲ್ಲ."

ಎಷ್ಟು ಮೆಟ್ಟಿಲು ಅಂತ ನಾವು ಕೇಳಲಿಲ್ಲ. ತೊಂಬತ್ತು ಗೀಟು ಎಳೆದವರನ್ನು ಹಾಗೆಲ್ಲ ಕೇಳಬಾರದು.

ರಜೆ ಮುಗಿದ ಸೋಮವಾರ ಬೆಳಿಗ್ಗೆ ಮಾವ ಊಟದ ಡಬ್ಬಿ ಹಿಡಿದು ಬಂದರು. ನಾನು ಕೆಳಗೆ ಕಾದಿದ್ದೆ. ಶಿಳ್ಳೆ ಹಾಕುತ್ತಾ ಹತ್ತು ಮೆಟ್ಟಿಲು ಹತ್ತಿದರು, ತಿರುವಿನಲ್ಲಿ ತಿರುಗಿದರು, ಶಿಳ್ಳೆ ಹಾಕುತ್ತಲೇ ಇಳಿದು ಬಂದು ನಮ್ಮ ಗೇಟಿನ ಕಂಬಕ್ಕೆ ಒಂದು ಗೀಟು ಎಳೆದರು.

"ಮಾವ, ಮೇಲೆ?"

"ಇವತ್ತಿಂದು ಆಯ್ತಲ್ಲಪ್ಪ," ಎಂದು ಚೀಟಿ ತೋರಿಸಿದರು.

ನಾನು ಡಾಕ್ಟರಿಗೆ ಫೋನ್ ಮಾಡಿ ಮಾವನ ಕೈಗೆ ಕೊಟ್ಟೆ. ಆ ಕಡೆಯ ದನಿ ನನಗೂ ಕೇಳುತ್ತಿತ್ತು.

"ಹತ್ತು ಅಂದ್ರೆ ಏರು ಅಂತ ಕಣೋ."

"ಏರು ಅಂತ ಬರೀಬೇಕಿತ್ತು."

"ಬರೆದಿದ್ರೆ ನೀನು ಅದನ್ನ ಆರು ಅಂತ ಓದ್ತಿದ್ದೆ. ನಾಲ್ಕು ಮೆಟ್ಟಿಲು ಲಾಭ ಮಾಡಿಕೊಟ್ಟಿದೀನಿ."

ಮಾವ ಫೋನ್ ವಾಪಸು ಕೊಟ್ಟರು. "ಒಟ್ಟು ಎಷ್ಟಿದೆ?"

"ಎಂಬತ್ತು."

"ಎಂಟು ದಿನದ್ದು," ಎಂದರು.

ಇವಳು ಒಂಬತ್ತಕ್ಕೆ ಹೊರಡಬೇಕು. ಎಂಟೂವರೆ ಆಗಿತ್ತು. ಮಾವ ಮತ್ತೆ ಹತ್ತಿದರು. ಹತ್ತನೆಯದರಲ್ಲಿ ಪಾದಗಳು ತಾವಾಗಿಯೇ ಕೆಳಮುಖ ಮಾಡಿದವು.

"ನಾನಲ್ಲ," ಎಂದರು ನನ್ನ ಕಡೆ ನೋಡಿ. "ಕಾಲು."

ತೊಂಬತ್ತು ದಿನ ಕಲಿಸಿದ್ದನ್ನು ಕಾಲು ಚಾಚೂ ತಪ್ಪದೆ ಒಪ್ಪಿಸುತ್ತಿತ್ತು. ಬಯ್ಯಲು ಅದರ ತಪ್ಪೇನೂ ಇರಲಿಲ್ಲ. ಮೇಲಿನಿಂದ ಇವಳ ತಲೆ ಕಂಬಿಯಾಚೆ ಬಗ್ಗಿ ನೋಡಿ, ಒಳಗೆ ಸರಿಯಿತು. ಶಿಶುವಿಹಾರದ ಚೀಲ ತರಲು ಹೋದಳು ಎಂದುಕೊಂಡೆ.

ಮೇಲೆ ನಮ್ಮ ಮನೆಯ ಬೆಲ್ ಆಯಿತು. ನಾಲ್ಕು ಸಲ.

ಇಳಿಯಲು ಎತ್ತಿದ್ದ ಮಾವನ ಕಾಲು ಗಾಳಿಯಲ್ಲೇ ನಿಂತಿತು. "ಬಂದೆ ಸಾರ್," ಎಂದರು, ಯಾರಿಗೆಂದು ಗೊತ್ತಿಲ್ಲ. ತಿರುಗಿ ಮೇಲೆ ಹೊರಟರು.

ಇನ್ನೊಂದು ಹತ್ತು. ಪಾದಗಳು ಕೆಳಮುಖ. ಬೆಲ್ ನಾಲ್ಕು ಸಲ. ಪಾದಗಳು ಮೇಲ್ಮುಖ. ನಾನು ಡಬ್ಬಿ ಹಿಡಿದು ಹಿಂದೆ ನಡೆದೆ. ಎರಡನೇ ಮಹಡಿಯವರು ಬಾಗಿಲು ತೆರೆದು, "ಯಾರ ಮನೇದು ಬೆಲ್ಲು?" ಎಂದರು. "ನಮ್ಮ ಮಾವಂದು," ಎಂದೆ. ಐದನೇ ತಿರುವಿನಲ್ಲಿ ಶಿಳ್ಳೆ ನಿಂತಿತು. ಏಳನೆಯದರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು, ಕಂಬಿಯನ್ನು ಮತ್ತೆ ತಬ್ಬಿಕೊಂಡಿದ್ದರು. ಬೆಲ್ ಆಯಿತು. ಅದನ್ನೂ ಅವರು ಕಾಯಿಸಲಿಲ್ಲ.

ಬಾಗಿಲಲ್ಲಿ ಇವಳು ಒಂದು ಕೈಯಲ್ಲಿ ಮಗು, ಇನ್ನೊಂದರ ಬೆರಳು ಬೆಲ್ಲಿನ ಮೇಲೆ ಇಟ್ಟು ನಿಂತಿದ್ದಳು. ಹೆಗಲಲ್ಲಿ ಆಫೀಸಿನ ಚೀಲ. ಗಂಟಲು ದಪ್ಪ ಮಾಡಿ, ಥೇಟ್ ಅಪ್ಪನ ದನಿಯಲ್ಲಿ ಹೇಳಿದಳು:

"ನಾಲ್ಕನೇ ಮಹಡಿ. ಇಳಿಯೋರು ಇಳೀಬಹುದು."

ಮಾವ ಕಂಬಿ ಬಿಟ್ಟು ಉಸಿರು ಎಳೆದುಕೊಂಡರು. ಆಮೇಲೆ ಎರಡೂ ಕೈ ಚಾಚಿದರು.

"ಇಳಿಯೋದು ಸಂಜೆಗೆ. ಮಗು ಕೊಡು."