ಮೂವತ್ತು ಸೆಕೆಂಡಿಗೊಮ್ಮೆ

"ನೀವು ಪುಸ್ತಕದಲ್ಲಿ ಹೇಗೆ ಬರೀತೀರೋ ಹಾಗೆಯೇ ಇದರಲ್ಲೂ ಬರೀಬಹುದು ಸಾರ್" ಎಂದು ನಾನು ರುಕ್ಮಯ್ಯನವರಿಗೆ ಮಾತು ಕೊಟ್ಟು ಒಂಬತ್ತು ವರ್ಷವಾಯಿತು. ಮುಂಡಾಜೆ ಕಳೆದು ಕಕ್ಕಿಂಜೆಗೆ ಹೋಗುವ ದಾರಿಯಲ್ಲಿರುವ ಒಂದು ಸಣ್ಣ ಹಾಲಿನ ಸೊಸೈಟಿಗೆ ಅವರು ಕಾರ್ಯದರ್ಶಿ. ಅಂದು ಅವರ ಮುಂದೆ ಉದ್ದ ರಿಜಿಸ್ಟರು ತೆರೆದಿತ್ತು. ದಿನಾಂಕದಿಂದ ಹಿಡಿದು ಲೀಟರಿನವರೆಗೆ ಎಲ್ಲವೂ ಮುತ್ತಿನಂಥ ಕನ್ನಡ.

"ಹಾಲು ಅಳೆಯಲಿಕ್ಕೆ ಈ ಪ್ರಾಯದಲ್ಲಿ ನಾನು ಇಂಗ್ಲಿಷ್ ಕಲೀಬೇಕಾ?" ಎಂದು ಕೇಳಿದ್ದರು.

"ಒಂದಕ್ಷರವೂ ಬೇಡ" ಎಂದಿದ್ದೆ.

ಆಗ ನನಗೆ ಇಪ್ಪತ್ತಾರು. ಮಾತು ಕೊಡುವುದು ಸುಲಭವಾಗಿದ್ದ ಪ್ರಾಯ.

ಈ ಮಾರ್ಚಿನ ಒಂದು ಸೋಮವಾರ ಬೆಳಿಗ್ಗೆ ಐದೂವರೆಗೆ ಅವರ ಫೋನು ಬಂತು. "ಅಶ್ವಿತಾ, ಕಂಪ್ಯೂಟರ್ ಸತ್ತ ಹಾಗೆ ಉಂಟು. ಒಬ್ಬರ ಹಾಲು ತೆಗೆದುಕೊಳ್ಳಲಿಕ್ಕೆ ಹತ್ತು ನಿಮಿಷ ಬೇಕು. ನಿನ್ನೆ ಸಂಜೆಯಿಂದ ಹೀಗೆಯೇ. ಅಧ್ಯಕ್ಷರು ಬಂದು ಕೂತಿದ್ದಾರೆ."

ಅರ್ಧ ಹೆಣೆದ ಜಡೆಯೊಂದಿಗೆ ಮಗಳು ಶ್ರಾವ್ಯಾಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಸ್ಕೂಟರ್ ಹತ್ತಿದೆ. ಮೂಡುಬಿದಿರೆಯಿಂದ ವೇಣೂರು, ಗುರುವಾಯನಕೆರೆ ದಾಟಿ ಅಲ್ಲಿಗೆ ಮುಟ್ಟುವಾಗ ಏಳು ಗಂಟೆ. ದಾರಿಯುದ್ದಕ್ಕೂ ಚೀಲದಲ್ಲಿದ್ದ ಒಂದು ಕಾಗದವೇ ತಲೆಯಲ್ಲಿತ್ತು. ಮಂಗಳೂರಿನ ಒಂದು ಕಂಪನಿಯಲ್ಲಿ ರಾತ್ರಿ ಪಾಳಿಯ ಕೆಲಸ. ಬರುತ್ತೇನೋ ಇಲ್ಲವೋ ಎಂದು ಆ ಸಂಜೆಯೊಳಗೆ ಹೇಳಬೇಕಿತ್ತು. ಬರುತ್ತೇನೆ ಎಂದರೆ ಶ್ರಾವ್ಯಾಳನ್ನು ಹಾಸ್ಟೆಲಿಗೆ ಸೇರಿಸಬೇಕು. ಅವಳಪ್ಪ ತೀರಿಕೊಂಡು ನಾಲ್ಕು ವರ್ಷ. ಹತ್ತು ತುಂಬಿದರೂ ನನ್ನ ಶಾಲಿನ ತುದಿ ಹಿಡಿಯದೆ ಅವಳಿಗೆ ಈಗಲೂ ನಿದ್ದೆ ಬರುವುದಿಲ್ಲ.

ಬೆಳ್ತಂಗಡಿ, ಬಂಟ್ವಾಳ ಕಡೆಯ ನಾಲ್ಕು ಸೊಸೈಟಿಗಳಲ್ಲಿ ನನ್ನ ಪ್ರೋಗ್ರಾಮ್ ನಡೆಯುತ್ತದೆ. ನಾವಿಬ್ಬರು ಬದುಕುವುದು ಅದರಲ್ಲಿ. ಇಲ್ಲಿಯ ಅಧ್ಯಕ್ಷರು ಬೇಡವೆಂದರೆ ಉಳಿದ ಮೂರೂ ಕಡೆಯವರು ಬೇಡ ಎನ್ನುತ್ತಾರೆ, ಅದು ನನಗೆ ಗೊತ್ತಿತ್ತು.

ಸೊಸೈಟಿಯ ಜಗಲಿಯಿಂದ ರಸ್ತೆಯವರೆಗೆ ಜನ ಕ್ಯಾನು ಹಿಡಿದು ನಿಂತಿದ್ದರು. ಬಿಸಿಲು ಆಗಲೇ ಕ್ಯಾನುಗಳ ಮೇಲೆ ಬಿದ್ದಿತ್ತು. ಸಾಲಿನ ಮುಂದೆ ಇದ್ದವಳು ಜುಲೈಕಾ, ಮೂರು ಹಸು ಸಾಕುವವಳು.

"ನಿಮ್ಮ ಕಂಪ್ಯೂಟರಿಗೆ ಸ್ವಲ್ಪ ಹಿಂಡಿ ಹಾಕಿ ನೋಡಿ ಮೇಡಮ್" ಎಂದಳು. "ನಮ್ಮದು ಹಾಲು ಕೊಡದಿದ್ದರೆ ನಾವು ಅದನ್ನೇ ಮಾಡುವುದು."

ಹಿಂದಿನಿಂದ ಯಾರೋ ನಕ್ಕರು. ನನಗೆ ನಗು ಬರಲಿಲ್ಲ.

ಒಳಗೆ ಅಧ್ಯಕ್ಷ ಶಿವಕೃಷ್ಣ ಭಟ್ರು ಫೋನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. "ಎಂಟೂವರೆಗೆ ಟ್ಯಾಂಕರ್ ಬರ್ತದೆ. ಅಷ್ಟರೊಳಗೆ ಸರಿಯಾದರೆ ಸರಿ. ಇಲ್ಲದಿದ್ದರೆ ಬೇರೆಯವರ ಪ್ರೋಗ್ರಾಮ್ ಹಾಕಿಸುವ ಅಂತ ಕಮಿಟಿಯಲ್ಲಿ ಮಾತಾಗಿದೆ. ನಿಮ್ಮ ಮೇಲೆ ಸಿಟ್ಟಿಲ್ಲ ಮಾರಾಯ್ರೆ. ಹಾಲು ಕಾಯುವುದಿಲ್ಲ, ಅಷ್ಟೇ."

ಹಳೆಯ ಯಂತ್ರದ ಫ್ಯಾನು ಮಿಕ್ಸಿಯ ಹಾಗೆ ಕೂಗುತ್ತಿತ್ತು. ಯಾವ ಪ್ರೋಗ್ರಾಮ್ ಪ್ರೊಸೆಸರನ್ನು ಎಷ್ಟು ತಿನ್ನುತ್ತಿದೆ ಎಂಬ ಪಟ್ಟಿ ತೆರೆದೆ. ಎಲ್ಲಕ್ಕಿಂತ ಮೇಲೆ ಇದ್ದದ್ದು 'ತಂಪು'. ನೂರಕ್ಕೆ ತೊಂಬತ್ತೇಳು.

'ತಂಪು' ನನ್ನದೇ. ಹಾಲು ತಣ್ಣಗಿಡುವ ದೊಡ್ಡ ತೊಟ್ಟಿಯ ಉಷ್ಣತೆಯನ್ನು ಆಗಾಗ ಕೇಳಿ, ಪರದೆಯ ಮೂಲೆಯಲ್ಲಿ ತೋರಿಸಿ, ಬರೆದಿಟ್ಟುಕೊಳ್ಳುವ ಅಂಗೈ ಅಗಲದ ಪ್ರೋಗ್ರಾಮ್. ಎರಡು ಸಲ ಕೇಳುವುದರ ನಡುವೆ ಅದಕ್ಕೆ ಬೇರೆ ಕೆಲಸವೇ ಇಲ್ಲ, ಸುಮ್ಮನೆ ಮಲಗಿರಬೇಕು. ಅದನ್ನು ಮುಚ್ಚಿದೆ. ಫ್ಯಾನು ಇಳಿಯಿತು, ಜುಲೈಕಾಳ ಹಾಲು ಅರ್ಧ ನಿಮಿಷದಲ್ಲಿ ದಾಖಲಾಯಿತು.

"ಆಯ್ತಲ್ಲ" ಎಂದರು ಭಟ್ರು.

"ಆಗಲಿಲ್ಲ ಸಾರ್. ಇದನ್ನು ಮುಚ್ಚಿಯೇ ಇಟ್ಟು ಹಾಲು ತೆಗೆದುಕೊಂಡರೆ ಉಷ್ಣತೆಯ ಚೀಟಿ ಬರುವುದಿಲ್ಲ. ಚೀಟಿ ಇಲ್ಲದೆ ಟ್ಯಾಂಕರಿನವರು ಹಾಲು ಮುಟ್ಟುವುದಿಲ್ಲ."

ಮತ್ತೆ ತೆರೆದೆ. ಫ್ಯಾನು ಮತ್ತೆ ಕೂಗಿತು.

ಯಂತ್ರವನ್ನು ಒಮ್ಮೆ ಪೂರ್ತಿ ಆರಿಸಿ ಹಾಕಿದೆ. ಹಾಗೆಯೇ. ತೊಟ್ಟಿಯಿಂದ ಬರುವ ವಯರು ಬದಲಿಸಿದೆ. ಹಾಗೆಯೇ. ಒಂಬತ್ತು ವರ್ಷದ ದಾಖಲೆ ಬೆಳೆದು ಭಾರವಾಗಿರಬೇಕು ಎಂದುಕೊಂಡು ಅದನ್ನೆಲ್ಲ ಬೇರೆ ಕಡೆಗೆ ಸರಿಸಿದೆ. ತೊಂಬತ್ತೇಳು ಇದ್ದದ್ದು ತೊಂಬತ್ತಾರಾಯಿತು. ಎಷ್ಟು ಸೆಕೆಂಡಿಗೊಮ್ಮೆ ಕೇಳಬೇಕು ಎಂಬ ಚೌಕವನ್ನು ನೋಡಿದೆ. ಮೂವತ್ತು. ಮೊದಲು ಅರವತ್ತು ಇತ್ತು, ಆದರೆ ಮೂವತ್ತಕ್ಕೆ ಯಾವ ಯಂತ್ರವೂ ಸಾಯುವುದಿಲ್ಲ. ಮುಂದೆ ಹೋದೆ.

"ಸಾರ್, ನೀವು ಏನಾದರೂ ಬದಲಿಸಿದ್ದುಂಟಾ?"

"ಪ್ರೋಗ್ರಾಮ್ ನಾನು ಮುಟ್ಟುವುದೇ ಇಲ್ಲ" ಎಂದರು ರುಕ್ಮಯ್ಯ. "ಸೆಕೆ ಜೋರಾಯ್ತು, ತೊಟ್ಟಿ ಬೇಗ ಬಿಸಿಯಾಗ್ತದೆ ಅಂತ ಅರವತ್ತನ್ನು ಮೂವತ್ತು ಮಾಡಿದ್ದೇನೆ. ನಿನ್ನೆ ಮಧ್ಯಾಹ್ನ. ಅಷ್ಟೇ."

"ಅದರಿಂದ ಏನೂ ಆಗುವುದಿಲ್ಲ" ಎಂದೆ. ನಾನೇ ಹೇಳಿದೆ.

ಎಂಟು ಗಂಟೆಯಾಯಿತು. ಹೊರಗೆ ಒಬ್ಬರು ಕ್ಯಾನಿನ ಮುಚ್ಚಳ ತೆಗೆದು ಮೂಸಿ ನೋಡಿದರು. ಒಂದು ಫೈಲಿನ ಹೆಸರು ಸರಿಯಾಗಿ ಒತ್ತಲು ನನಗೆ ಮೂರು ಸಲ ಬೇಕಾಯಿತು. ಚೌಕವನ್ನು ಮತ್ತೊಮ್ಮೆ ನೋಡಿದೆ. ಮೂವತ್ತೇ. ಹೊಸತಾಗಿ ಬರೆದು ಕೊಡಲು ಸಮಯವಿಲ್ಲ, ಹಳೆಯದರಲ್ಲಿ ತಪ್ಪು ಕಾಣುವುದಿಲ್ಲ. ಅಷ್ಟು ಹೊತ್ತಿಗೆ ಶ್ರಾವ್ಯಾ ಶಾಲೆಗೆ ಹೊರಟಿರಬೇಕು, ಜಡೆ ಯಾರು ಹೆಣೆದರೋ ಎಂದು ಒಂದು ಗಳಿಗೆ ಯೋಚನೆ ಬಂತು. ಅದನ್ನು ದೂಡಿದೆ.

"ಭಾರಿ ದೊಡ್ಡ ರೋಗವಾ?" ಕಿಟಕಿಯಿಂದ ಜುಲೈಕಾ ಇಣುಕಿದಳು. ಖಾಲಿ ಕ್ಯಾನು ಹಿಡಿದುಕೊಂಡು ಇನ್ನೂ ಅಲ್ಲೇ ಇದ್ದಳು.

'ತಂಪು' ಆಗಷ್ಟೇ ಬರೆದಿಟ್ಟ ಹೊಸ ದಾಖಲೆಯನ್ನು ತೆರೆದು ಓದತೊಡಗಿದೆ. ಎಂಟು ಗಂಟೆ ನಾಲ್ಕು ನಿಮಿಷ ಹತ್ತು ಸೆಕೆಂಡು, ನಾಲ್ಕು ಡಿಗ್ರಿ. ಎಂಟು ಗಂಟೆ ನಾಲ್ಕು ನಿಮಿಷ ಹತ್ತು ಸೆಕೆಂಡು, ನಾಲ್ಕು ಡಿಗ್ರಿ. ಕೆಳಗೆ ಸರಿಸಿದಷ್ಟೂ ಅದೇ ಹತ್ತನೆಯ ಸೆಕೆಂಡು, ನೂರಾರು ಸಾಲು. ಪ್ರೋಗ್ರಾಮ್ ಮಲಗುತ್ತಲೇ ಇರಲಿಲ್ಲ. ಉಸಿರು ಬಿಡದೆ ತೊಟ್ಟಿಯನ್ನು ಕೇಳುತ್ತಿತ್ತು: ಎಷ್ಟು, ಎಷ್ಟು, ಎಷ್ಟು.

ಅದಕ್ಕೆ ಮೂವತ್ತು ಎಂದು ಗೊತ್ತೇ ಇಲ್ಲ.

ಮೂರನೆಯ ಸಲ ಚೌಕಕ್ಕೆ ಹೋದೆ. ಈ ಸಲ ಓದಲಿಲ್ಲ, ನೋಡಿದೆ. ಅಲ್ಲಿ ಇದ್ದದ್ದು ೩೦.

ಕನ್ನಡ ಶಾಲೆಯಲ್ಲಿ ಕಲಿತ ಕಣ್ಣು. ಎರಡು ಸಲವೂ ಮೂವತ್ತು ಎಂದು ಓದಿ ಮುಂದೆ ಹೋಗಿತ್ತು. ಓದಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ನನ್ನ ಪ್ರೋಗ್ರಾಮಿಗೆ ಕನ್ನಡದ ಅಂಕಿ ಬರುತ್ತಿರಲಿಲ್ಲ. ಅರ್ಥವಾಗದ್ದು ಏನೇ ಬಂದರೂ ಅದನ್ನು ಸೊನ್ನೆ ಎಂದುಕೊ ಎಂದು ಒಂಬತ್ತು ವರ್ಷದ ಹಿಂದೆ ಅದರಲ್ಲಿ ಬರೆದವಳು ನಾನೇ. ಸೊನ್ನೆ ಸೆಕೆಂಡಿಗೊಮ್ಮೆ ಕೇಳುವುದೆಂದರೆ ನಿಲ್ಲದೆ ಕೇಳುವುದು.

ಅಂಕಿಯನ್ನು ಅಳಿಸಿ ಇಂಗ್ಲಿಷಿನಲ್ಲಿ ಒತ್ತಿದೆ. ಫ್ಯಾನು ನಿಂತಷ್ಟು ಮೆತ್ತಗಾಯಿತು. ಪಟ್ಟಿಯಲ್ಲಿ 'ತಂಪು' ಒಂದಕ್ಕೆ ಇಳಿಯಿತು. ಗಡಿಯಾರದಲ್ಲಿ ಎಂಟು ಹದಿನೆಂಟು.

ಸಾಲು ಸರಸರನೆ ಸರಿಯಿತು. ಟ್ಯಾಂಕರ್ ಬಂದು ನಿಂತಾಗ ಎರಡೇ ಕ್ಯಾನು ಬಾಕಿ ಇತ್ತು, ಚೀಟಿಯೂ ಬಂತು.

ಭಟ್ರು ಎದ್ದು ಬಂದು ನನ್ನ ಹಿಂದೆ ನಿಂತರು. "ಎಂಥ ಆಗಿತ್ತು?"

"ಅಂಕಿ ಸರಿ ಇರಲಿಲ್ಲ."

"ಯಾರು ಹಾಕಿದ ಅಂಕಿ?"

ರುಕ್ಮಯ್ಯ ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ನಿಂತಿದ್ದರು. "ನಾನೇ ಹಾಕಿದ್ದು" ಎಂದರು. "ಹೊಸ ಕೀಬೋರ್ಡ್ ತರಿಸಿದೆವಲ್ಲ, ಅದರಲ್ಲಿ ಕನ್ನಡದ ಅಂಕಿ ಬರ್ತದೆ. ಖುಷಿಯಾಯ್ತು. ಹಾಲಿನ ತೂಕ ತಕ್ಕಡಿಯಿಂದಲೇ ಬರ್ತದೆ, ಸದಸ್ಯರ ನಂಬ್ರ ಕಾರ್ಡಿನಿಂದ ಬರ್ತದೆ. ನಾನು ಅಂಕಿ ಬರೆಯುವ ಜಾಗ ಅದೊಂದೇ."

"ನೋಡಿದ್ರಾ" ಎಂದರು ಭಟ್ರು ನನಗೆ. "ಕಮಿಟಿಯವರು ಹೇಳುವುದು ಇದನ್ನೇ. ಕಂಪ್ಯೂಟರ್ ಬಾರದವರನ್ನು ಅಲ್ಲಿ ಕೂರಿಸಿದರೆ ಹೀಗೆಯೇ. ಹಾಗಾದರೆ ನಿಮ್ಮ ಪ್ರೋಗ್ರಾಮಿನ ತಪ್ಪೇನೂ ಇಲ್ಲ. ಅಲ್ವಾ?"

ಹೌದು ಎಂಬ ಒಂದು ಶಬ್ದ ಸಾಕಿತ್ತು. ತಪ್ಪಿಲ್ಲ ಎಂದರೆ ನಾಲ್ಕೂ ಸೊಸೈಟಿ ಉಳಿಯುತ್ತಿತ್ತು, ಚೀಲದ ಕಾಗದವನ್ನು ಹರಿಯಬಹುದಿತ್ತು. ರುಕ್ಮಯ್ಯ ನನ್ನ ಕಡೆ ನೋಡಲಿಲ್ಲ. ಮೇಜಿನ ಮೇಲಿದ್ದ ಹಳೆಯ ರಿಜಿಸ್ಟರನ್ನು ಗೋಡೆಯ ಕಡೆಗೆ ಸ್ವಲ್ಪ ದೂಡಿದರು, ಅಷ್ಟೇ.

ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು ಎಂಬುದನ್ನು ಇಲ್ಲಿ ಬರೆಯಲೇಬೇಕು.

"ತಪ್ಪು ಪ್ರೋಗ್ರಾಮಿನದ್ದೇ ಸಾರ್" ಎಂದೆ. "ಪುಸ್ತಕದಲ್ಲಿ ಬರೆದ ಹಾಗೆಯೇ ಬರೀಬಹುದು ಅಂತ ಇವರಿಗೆ ಹೇಳಿದ್ದು ನಾನು. ಇವರು ಹಾಗೆಯೇ ಬರೆದಿದ್ದಾರೆ. ನಾನು ಅದಕ್ಕೆ ಕನ್ನಡದ ಅಂಕಿ ಕಲಿಸಿರಲಿಲ್ಲ."

ಭಟ್ರು ಫೋನನ್ನು ಕಿಸೆಗೆ ಹಾಕಿಕೊಂಡರು. "ನೀವು ಹೀಗೆ ಹೇಳಿದ ಮೇಲೆ ನನಗೆ ಕಮಿಟಿಯಲ್ಲಿ ಬೇರೆ ಹೇಳಲಿಕ್ಕೆ ಆಗುವುದಿಲ್ಲ. ತಿಂಗಳ ಕೊನೆಯವರೆಗೆ ನಿಮ್ಮದು ನಡೀಲಿ, ಆಮೇಲೆ ಬೇರೆಯವರದ್ದು" ಎಂದು ಚಪ್ಪಲಿ ಮೆಟ್ಟಿ ಇಳಿದು ಹೋದರು.

"ಮಾರಾಯ್ತಿ, ಎಂಥ ಮಾಡಿದೆ ನೀನು" ಎಂದರು ರುಕ್ಮಯ್ಯ ಮೆಲ್ಲಗೆ. "ನಾನು ಹೇಗೂ ಮೇ ತಿಂಗಳಲ್ಲಿ ಈ ಕೆಲಸ ಬಿಡುವವ."

ನಾನು ಕುರ್ಚಿಯನ್ನು ಮುಂದೆ ಎಳೆದುಕೊಂಡೆ. ಕನ್ನಡದ ಹತ್ತು ಅಂಕಿಗಳನ್ನು ಇಂಗ್ಲಿಷಿನ ಹತ್ತಕ್ಕೆ ಬದಲಿಸಿಕೊಳ್ಳುವ ಸಾಲುಗಳನ್ನು ಸೇರಿಸಿದೆ. ಇಪ್ಪತ್ತು ನಿಮಿಷದ ಕೆಲಸ. ಒಂಬತ್ತು ವರ್ಷದಲ್ಲಿ ಯಾವ ದಿನ ಬೇಕಾದರೂ ಮಾಡಬಹುದಿತ್ತು. ಮುಗಿಸಿ, ಎದ್ದು, ಅವರನ್ನು ಕೂರಿಸಿದೆ. ಅವರು ಒಂದೇ ಬೆರಳಿನಲ್ಲಿ, ನಿಧಾನವಾಗಿ, ೩೦ ಎಂದು ಒತ್ತಿದರು. ಇಬ್ಬರೂ ಫ್ಯಾನಿನ ಶಬ್ದಕ್ಕೆ ಕಿವಿಗೊಟ್ಟೆವು. ಅದು ಏರಲಿಲ್ಲ.

ಗುರುವಾಯನಕೆರೆಯಲ್ಲಿ ಸ್ಕೂಟರ್ ನಿಲ್ಲಿಸಿ ಮಂಗಳೂರಿನವರಿಗೆ ಫೋನು ಮಾಡಿದೆ. ಬರುತ್ತೇನೆ ಎಂದೆ. ಆಮೇಲೆ ಹಾಸ್ಟೆಲಿಗೆ ಮಾಡಿದೆ. ಐದನೆಯ ತರಗತಿಗೆ ಜಾಗ ಉಂಟು ಎಂದರು.

ರುಕ್ಮಯ್ಯನವರಿಗೆ ಕೊಟ್ಟ ಮಾತು ಉಳಿಯಿತು.