ನಿಮ್ಮದೊಂದೇ ಬಾಕಿ

ಅಪ್ಪನ ಕನ್ನಡಕ ಸ್ಕೂಟರಿನ ಡಬ್ಬಿಯಲ್ಲಿರಬೇಕು ಎಂದು ಅಮ್ಮ ಹೇಳಿದ್ದಕ್ಕೆ ಮಗಳು ಅಲ್ಲಿ ತಡಕಾಡುತ್ತಿದ್ದಳು. ಕನ್ನಡಕದ ಜೊತೆ ಒಂದು ಪ್ಲಾಸ್ಟಿಕ್ ಚೀಲವೂ ಕೈಗೆ ಬಂತು. ಒಳಗೆ ಮೂರು ಹಾಳೆ, ಮೂರರಲ್ಲೂ ಸಹಿಯ ಜಾಗ ಖಾಲಿ.

ಮೂರು ಊರಿನ ಸಣ್ಣ ಉದ್ಯಮಿಗಳ ಸಂಘಗಳು ಸೇರಿ ಹಣ್ಣು ಒಣಗಿಸುವ ಯಂತ್ರವೊಂದನ್ನು ಇಟ್ಟುಕೊಂಡಿದ್ದವು. ಅದನ್ನು ಯಾರಿಗೆ ಕೊಡಬೇಕಾದರೂ ಮೂವರು ಅಧ್ಯಕ್ಷರೂ ತಂತಮ್ಮ ಹಾಳೆಗೆ ಸಹಿ ಹಾಕಬೇಕು. ಮೂರು ಸಂಘಕ್ಕೂ ಅಪ್ಪನೊಬ್ಬನೇ ಗುಮಾಸ್ತ. ಇಪ್ಪತ್ತಾರು ವರ್ಷ ಸಹಿಗಾಗಿ ಅಲೆದದ್ದಕ್ಕೆ ಜನ ಇಟ್ಟ ಹೆಸರು ಸಹಿಯಪ್ಪ. ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಗೋಡೆಗೆ ಒರಗಿದವನು ಮತ್ತೆ ಏಳಲಿಲ್ಲ.

ಈ ಸಲ ಯಂತ್ರಕ್ಕೆ ಅರ್ಜಿ ಹಾಕಿದ್ದ ಹೆಂಗಸು ಗೇಟಿನ ಹೊರಗೇ ನಿಂತಿದ್ದಳು. ಒಣಹಣ್ಣಿನ ಕೆಲಸ ಹೊಸದಾಗಿ ಶುರು ಮಾಡಿದವಳು. ಮಾಗಿದ ಹಣ್ಣು ಇಪ್ಪತ್ತು ಬುಟ್ಟಿ ಮನೆಯಲ್ಲಿ ಕೂತಿದೆ, ಸರದಿ ನಾಳೆ ಬೆಳಿಗ್ಗೆ. ತಪ್ಪಿದರೆ ಅಷ್ಟೂ ಕೊಳೆತು ಹೋಗುತ್ತದೆ. ಸಾವಿನ ಮನೆಯಲ್ಲಿ ಅದನ್ನೆಲ್ಲ ಎತ್ತಲು ಅವಳಿಗೆ ಬಾಯಿ ಬರಲಿಲ್ಲ. ಮಗಳೇ ಕೇಳಿ ಕೇಳಿ ಬಾಯಿ ಬಿಡಿಸಿದಳು.

"ಇವತ್ತು ಬೇಡಮ್ಮ. ಹಣ್ಣು ಹೋದ್ರೆ ಹೋಗ್ಲಿ. ಅಣ್ಣನ ಮುಖ ನೋಡಿ ಹೋಗೋಣ ಅಂತ ಬಂದೆ."

ಒಳಗೆ ಅಪ್ಪನಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿದ್ದರು. ಜೇಬಿನ ಅಂಚಿನಲ್ಲಿ ಎಂದಿನಂತೆ ಒಂದು ಗುಂಡುಪಿನ್ನು. ಚಿಕ್ಕಪ್ಪ ಅದನ್ನು ತೆಗೆಯಲು ಹೋದಾಗ ಅಮ್ಮ ತಡೆದಳು.

"ಇರ್ಲಿ ಬಿಡಪ್ಪ. ಅದಿಲ್ದೆ ಅವರು ಯಾವತ್ತೂ ಹೊಸಿಲು ದಾಟಿದವರಲ್ಲ."

*

ಮಗಳು ಒಂಬತ್ತು ವರ್ಷದವಳಿದ್ದಾಗ, ಒಂದು ರಜೆಯ ದಿನ, ಸ್ಕೂಟರಿನ ಹಿಂದೆ ಕೂತು ಮೂರೂ ಊರು ಸುತ್ತಿದ್ದಳು. ಮೊದಲು ಸಿಕ್ಕಿದ ಅಧ್ಯಕ್ಷರು ಪ್ರಿಂಟಿಂಗ್ ಪ್ರೆಸ್ಸಿನ ಮಾಮ. ಅವರಿಗೆ ಅಪ್ಪ, "ಅವರಿಬ್ಬರೂ ಒಪ್ಪಿದ್ದಾರೆ ಸರ್, ನಿಮ್ಮದೊಂದೇ ಬಾಕಿ" ಎಂದ. ಆ ಇಬ್ಬರ ಮುಖವನ್ನೂ ಅವನಿನ್ನೂ ನೋಡಿರಲಿಲ್ಲ. ಮುಂದಿನ ಊರಿನ ಬೇಕರಿಯಲ್ಲೂ ಅದೇ ಮಾತು. ತಾನೊಬ್ಬನೇ ಅಡ್ಡಗಾಲು ಹಾಕಿದವನು ಎನಿಸಿಕೊಳ್ಳಲು ಯಾರಿಗೆ ತಾನೇ ಇಷ್ಟ? ಮೂರನೆಯ ಊರಿನ ಬಡಗಿಯ ಅಂಗಡಿ ಮುಟ್ಟುವ ಹೊತ್ತಿಗೆ ಆ ಮಾತು ನಿಜವೂ ಆಗಿತ್ತು.

"ಅಪ್ಪಾ, ಮೊದಲು ಹೇಳಿದ್ದು ಸುಳ್ಳಲ್ವಾ?"

"ಸಂಜೆಯೊಳಗೆ ನಿಜ ಆಯ್ತಲ್ಲ, ಬಿಡು." ಜೇಬಿನ ಪಿನ್ನು ತೆಗೆದು ಮೂರು ಹಾಳೆಯನ್ನೂ ಸೇರಿಸಿ ಚುಚ್ಚಿದ.

*

ಆ ಮೂವರೂ ಈಗ ಅಂಗಳದ ಒಂದೇ ಬೆಂಚಿನ ಮೇಲೆ ಕೂತಿದ್ದರು. ಮೀಟಿಂಗಿಗೆ ಕರೆದರೆ ನಮ್ಮ ಊರಿಗೇ ಬನ್ನಿ ಎನ್ನುತ್ತಿದ್ದವರು ಇವತ್ತು ಯಾರೂ ಕರೆಯದೆ ಬಂದಿದ್ದರು. ಪ್ರೆಸ್ಸಿನವರು ಕಣ್ಣೊರೆಸಿಕೊಂಡರು.

"ಪ್ರತಿ ಸಲ ನೀವಿಬ್ರೂ ಒಪ್ಪಿದ ಮೇಲೇ ನನ್ನ ಹತ್ರ ಬರ್ತಿದ್ದ. ಒಂದ್ಸಲನಾದ್ರೂ ಮೊದಲು ನನ್ನ ಕೇಳಬಾರದಿತ್ತಾ ಅಂತ ಬೇಜಾರಾಗ್ತಿತ್ತು."

ಬೇಕರಿಯವರು ತಿರುಗಿ ನೋಡಿದರು. "ನಿಮಗೂ ಹಾಗೇ ಹೇಳ್ತಿದ್ನಾ?"

ಬಡಗಿಗೆ ನಗು ಬಂದುಬಿಟ್ಟಿತು. ಎಲ್ಲಿ ಕೂತಿದ್ದೇನೆಂದು ನೆನಪಾಗಿ ಟವೆಲಿನಿಂದ ಬಾಯಿ ಮುಚ್ಚಿಕೊಂಡರು.

ಬಾಗಿಲಲ್ಲಿದ್ದ ಮಗಳಿಗೆ ಎಲ್ಲ ಕೇಳಿಸಿತು. ಅಪ್ಪನ ಗುಟ್ಟು ರಟ್ಟಾಗಿತ್ತು. ಹೊರಗೆ ಅಪ್ಪನನ್ನು ಒಯ್ಯುವ ವ್ಯಾನು ಬಂದು ನಿಂತಿತ್ತು. ಎಲ್ಲ ಮುಗಿದರೆ ಇವರು ಮತ್ತೆ ಮೂರು ದಿಕ್ಕು. ಗೇಟಿನಾಚೆ ಆ ಹೆಂಗಸು ಇನ್ನೂ ನಿಂತಿದ್ದಳು. ಹಾಳೆಗಳನ್ನು ಹಿಡಿದು ಬೆಂಚಿನ ಮುಂದೆ ನಿಂತಳು.

"ಅವರಿಬ್ಬರೂ ಒಪ್ಪಿದ್ದಾರೆ ಮಾಮ," ಹಾಳೆಗಳನ್ನು ಪ್ರೆಸ್ಸಿನವರತ್ತ ಚಾಚಿದಳು. "ನಿಮ್ಮದೊಂದೇ ಬಾಕಿ."

ಪ್ರೆಸ್ಸಿನವರು ಖಾಲಿ ಹಾಳೆಗಳನ್ನು ನೋಡಿದರು. ಪಕ್ಕದಲ್ಲೇ ಕೂತಿದ್ದ ಇಬ್ಬರನ್ನೂ ನೋಡಿದರು. ಬೇಕರಿಯವರು ಸುಮ್ಮನೆ ಕೆಮ್ಮಿ ಗೇಟಿನ ಕಡೆ ಮುಖ ತಿರುಗಿಸಿದರು.

"ಹೌದಾ ಮಗಳೇ? ಹಾಗಾದ್ರೆ ನಾನ್ಯಾಕೆ ಅಡ್ಡ ಬರ್ಲಿ. ಪೆನ್ನು ಕೊಡು."

ಹಾಳೆ ಇಟ್ಟು ಬರೆಯಲು ಏನೂ ಇರಲಿಲ್ಲ. ಬಡಗಿ ಬೆನ್ನು ಬಗ್ಗಿಸಿ ಕೊಟ್ಟರು.

ಮೂವರ ಸಹಿಯೂ ಬಿದ್ದ ಹಾಳೆಗಳನ್ನು ಹಿಡಿದು ಮಗಳು ಒಳಗೆ ಬಂದಳು. ಅಮ್ಮ ಅವುಗಳನ್ನು ನೋಡಿದಳು. ಅಪ್ಪನ ಜೇಬಿನ ಪಿನ್ನನ್ನು ಮೆಲ್ಲಗೆ ಬಿಡಿಸಿ ಮಗಳ ಅಂಗೈಯಲ್ಲಿಟ್ಟಳು. ಆಮೇಲೆ ಅಂಗಿಯಲ್ಲಿ ಉಳಿದ ಎರಡು ಸಣ್ಣ ತೂತುಗಳನ್ನು ಬೆರಳಿನಿಂದ ಸವರುತ್ತ ಕೂತಳು.