ಒದ್ದೆ ಹತ್ತಿ

ಮೂವತ್ತೊಂದು ವರ್ಷ ತಾಲ್ಲೂಕು ಕಚೇರಿಯಲ್ಲಿ ಕೂತು ಎದ್ದವನಿಗೆ ಒಂದು ನಂಬಿಕೆ ಗಟ್ಟಿಯಾಗಿಬಿಡುತ್ತದೆ. ಫಾರಂ ಭರ್ತಿಯಾಯಿತು ಅಂದರೆ ಕೆಲಸ ಆಯಿತು. ಹೊಸದುರ್ಗದ ನಿವೃತ್ತ ಶಿರಸ್ತೇದಾರ್ ಈರಬಸಪ್ಪನವರದೂ ಅದೇ ನಂಬಿಕೆ. ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಊರು, ಸಾಕ್ಷಿಗಳ ರುಜು, ಇಷ್ಟು ಸರಿಯಿದ್ದು ತಲೆಯ ಮೇಲೊಂದು ನಂಬರು ಬಿದ್ದರೆ ಮುಂದಿನದು ತಾನಾಗಿ ನಡೆಯುತ್ತದೆ. ಸ್ನೇಹ ಸೇವಾ ಕ್ಲಬ್ಬಿನವರು ಅವರನ್ನು ಹುಡುಕಿಕೊಂಡು ಬಂದು ಕಾರ್ಯದರ್ಶಿ ಮಾಡಿಕೊಂಡದ್ದೂ ಇದಕ್ಕೇ. ಅಷ್ಟು ದುಂಡಗೆ ಬರೆಯುವವರು ಊರಲ್ಲಿ ಬೇರೆ ಯಾರೂ ಇರಲಿಲ್ಲ.

ತಿಂಗಳಿಗೆ ಎರಡು ಶನಿವಾರ ಸಂಜೆ ಶಾಲೆಯ ಹಾಲಿನಲ್ಲಿ ಮೀಟಿಂಗು. ಎಣ್ಣೆ ಗಿರಣಿಯ ರಂಗಯ್ಯ ಅಧ್ಯಕ್ಷರು. ಅವರು ಹಿತ್ತಾಳೆ ಗಂಟೆ ಬಾರಿಸಿದರೆ ಮೀಟಿಂಗು ಶುರು, ಮತ್ತೆ ಬಾರಿಸಿದರೆ ಮುಗಿಯಿತು. ಎದೆಗೆ ಬ್ಯಾಡ್ಜು ಇಲ್ಲದೆ ಬಂದವನು ಎದ್ದು ನಿಂತು ಒಂದು ಹಾಡು ಹೇಳಬೇಕು. ಕೊನೆಗೆ ಫೆಲೋಶಿಪ್ಪು, ಅಂದರೆ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿ. ಕೆಲವರು ಸೇವೆಗೆ ಬರುತ್ತಿದ್ದರು, ಕೆಲವರು ಮೆಣಸಿನಕಾಯಿಗೆ. ಹಾಜರಿ ಪುಸ್ತಕಕ್ಕೆ ಆ ಭೇದ ಇರಲಿಲ್ಲ. ಆದರೂ ಕೆಟ್ಟ ಜನ ಅಲ್ಲ. ಎಪ್ಪತ್ತೇಳರ ಚಳಿಗಾಲದಲ್ಲಿ ಕಣ್ಣಿನ ಕ್ಯಾಂಪು ಮಾಡಿದಾಗ ಕಿರಾಣಿ ಅಂಗಡಿ ಮುಚ್ಚಿ ಬಂದು ರೋಗಿಗಳ ಮಂಚ ಹೊತ್ತಿದ್ದರು. ತುರ್ತು ಪರಿಸ್ಥಿತಿ ಆಗಷ್ಟೇ ಮುಗಿದಿತ್ತು. ಕ್ಯಾಂಪು ಎಂದರೆ ಸಂತಾನಹರಣದ ಆಪರೇಷನ್ನೇ ಎಂದು ಹಳ್ಳಿಯ ಗಂಡಸರು ಹೊಲ ಬಿದ್ದು ಓಡುತ್ತಿದ್ದರು. ಕಣ್ಣಿಂದು ಮಾತ್ರ ತಾನೆ ಎಂದು ಎರಡೆರಡು ಸಲ ಕೇಳಿಕೊಂಡೇ ಒಳಗೆ ಕಾಲಿಟ್ಟರು.

ಆ ಕ್ಯಾಂಪಿಗೆ ಮತ್ತೋಡು ಕಡೆಯ ಒಂದು ಹಟ್ಟಿಯಿಂದ ಕುರಿ ಕಾಯುವ ಜುಂಜಣ್ಣ ತನ್ನ ಮಗಳು ಓಬವ್ವನನ್ನು ಕರೆತಂದಿದ್ದ. ಇಪ್ಪತ್ತರ ಹುಡುಗಿ. ಚಿಕ್ಕಂದಿನಲ್ಲಿ ಸಿಡುಬು ಎದ್ದು ಎರಡೂ ಕಣ್ಣಿಗೆ ಹೂ ಬಿದ್ದಿತ್ತು. ಕಾಣದಿದ್ದರೂ ಉಣ್ಣೆ ನೂಲುತ್ತಿದ್ದಳು, ಎಳೆ ಹರಿಯುತ್ತಿರಲಿಲ್ಲ. ಬೆಂಗಳೂರಿನಿಂದ ಬಂದಿದ್ದ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಇದು ಪೊರೆ ತೆಗೆಯುವ ಕೆಲಸ ಅಲ್ಲ, ಸತ್ತವರು ಯಾರಾದರೂ ಕಣ್ಣು ಕೊಟ್ಟರೆ ಅದರ ಮೇಲುಪೊರೆ ಕೂಡಿಸಬಹುದು, ಆಗ ಕಾಣುತ್ತದೆ ಎಂದರು. ಜುಂಜಣ್ಣ ಅದನ್ನು ಕೇಳಿ, ಆಗದ ಮಾತು ಎಂಬ ಹಾಗೆ ಕಂಬಳಿ ಹೆಗಲಿಗೆ ಎಸೆದುಕೊಂಡು ಎದ್ದ.

ರೋಗಿಗಳಿಗೆ ಗಂಜಿ ಬಡಿಸುತ್ತಿದ್ದವರು ಈರಬಸಪ್ಪನವರ ಹೆಂಡತಿ ಪಾರ್ವತಮ್ಮ. ಸೌಟು ಕೆಳಗಿಡದೆ, ಇನ್ನೊಂದು ಸ್ವಲ್ಪ ಹಾಕಲೇ ಎನ್ನುವಷ್ಟು ಸಲೀಸಾಗಿ ಅಂದುಬಿಟ್ಟರು: “ನಾನು ಹೋದ್ಮೇಲೆ ನನ್ನವು ನಿಂಗೇ ಕಣವ್ವ. ಮಣ್ಣಾಗಕ್ಕೆ ಹಾಕಿ ಏನ್ಮಾಡಾದೈತೆ.”

ಆ ಮಾತೇ ಕ್ಲಬ್ಬಿನ ಮುಂದಿನ ಕಾರ್ಯಕ್ರಮವಾಯಿತು. ನೇತ್ರದಾನ ಪ್ರತಿಜ್ಞೆ. ಈರಬಸಪ್ಪನವರು ಎರಡು ದಿನ ಕೂತು ಫಾರಂ ತಯಾರು ಮಾಡಿ ಅಚ್ಚು ಹಾಕಿಸಿದರು. ಬಾಗೂರಿನಿಂದ ಹೊಳಲ್ಕೆರೆವರೆಗೆ ತಿರುಗಿ ನೂರ ಹನ್ನೆರಡು ಫಾರಂ ಕೂಡಿಸಿದರು. ಒಂದನೇ ನಂಬರು ಪಾರ್ವತಮ್ಮನದು. ಕಣ್ಣು ಬೇಕಾದವರ ಪಟ್ಟಿಯಲ್ಲಿ ಒಂದನೇ ನಂಬರು ಓಬವ್ವನದು. ರುಜು ಹಾಕುವಾಗ ಪಾರ್ವತಮ್ಮ ಒಂದೇ ಒಂದು ಪ್ರಶ್ನೆ ಕೇಳಿದ್ದರು. ಸತ್ತ ಮೇಲೆ ತೆಗೆದುಕೊಳ್ಳುವುದಕ್ಕೆ ಯಾರು ಬರ್ತಾರೆ, ಅವರಿಗೆ ಯಾರು ಹೇಳಬೇಕು?

“ಅದೆಲ್ಲ ಮೇಲಿನೋರು ನೋಡ್ಕಂತಾರೆ ಬಿಡು,” ಅಂದಿದ್ದರು ಈರಬಸಪ್ಪ. ಕಚೇರಿಯಲ್ಲಿ ಅರ್ಜಿದಾರರಿಗೆ ಮೂವತ್ತೊಂದು ವರ್ಷ ಹೇಳಿದ ಮಾತು ಅದು, ನಾಲಿಗೆಯ ತುದಿಯಲ್ಲೇ ಇತ್ತು. ಮೇಲಿನವರು ಅಂದರೆ ಯಾರು ಎಂದು ಅವರೂ ಯೋಚಿಸಲಿಲ್ಲ, ಕ್ಲಬ್ಬಿನಲ್ಲಿ ಇನ್ನೊಬ್ಬರೂ ಯೋಚಿಸಲಿಲ್ಲ. ದಿಬ್ಬಣ ಹೊರಟಿತ್ತು, ತಾಳಿ ಮನೆಯಲ್ಲೇ ಉಳಿದಿತ್ತು. ಫೋಟೋ ತೆಗೆಸಿಕೊಂಡು ಫಾರಂಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದರು.

ಮರುವರ್ಷ ಕಾರ್ತೀಕದ ಒಂದು ಬೆಳಿಗ್ಗೆ ಪಾರ್ವತಮ್ಮ ಒಲೆ ಹಚ್ಚಲು ಎದ್ದವರು ಎದೆ ಹಿಡಿದುಕೊಂಡು ಕೂತರು. ಈರಬಸಪ್ಪ ನೀರು ತರುವಷ್ಟರಲ್ಲಿ ಗೋಡೆಗೆ ಒರಗಿದ್ದರು. “ಮತ್ತೋಡಿಗೆ ಹೇಳಿ ಕಳ್ಸ್ರಿ,” ಅಂದರು. ಆರೂವರೆಗೆ ಉಸಿರು ನಿಂತಿತು. ಮಕ್ಕಳಿಲ್ಲದ ಮನೆ, ಅಳುವುದಕ್ಕೂ ಪಕ್ಕದ ಮನೆಯವರೇ ಬರಬೇಕಾಯಿತು.

ಈರಬಸಪ್ಪ ಅಳಲಿಲ್ಲ. ಗೋಡೆಗೆ ಅಂಟಿಸಿದ್ದ ಕ್ಲಬ್ಬಿನ ಕರಪತ್ರದ ಮುಂದೆ ಹೋಗಿ ನಿಂತು, ಹೊಸದಾಗಿ ಓದುವವರ ಹಾಗೆ ಓದಿದರು. ಆರು ಗಂಟೆಯೊಳಗೆ ಕಣ್ಣು ತೆಗೆಯತಕ್ಕದ್ದು. ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡತಕ್ಕದ್ದು. ತಲೆಯ ಕೆಳಗೆ ದಿಂಬು ಕೊಡತಕ್ಕದ್ದು. ಹತ್ತಿ ಒದ್ದೆ ಮಾಡಿ ಇಟ್ಟರು, ದಿಂಬು ಕೊಟ್ಟರು, ಒಂದನೇ ನಂಬರಿನ ಫಾರಂ ಕೈಯಲ್ಲಿ ಕೊಟ್ಟು ಪಕ್ಕದ ಮನೆಯವರನ್ನು ರಂಗಯ್ಯನ ಗಿರಣಿಗೆ ಓಡಿಸಿದರು. ಊರಲ್ಲಿ ಟೆಲಿಫೋನು ಇದ್ದ ಕೆಲವೇ ಜಾಗಗಳಲ್ಲಿ ಅದೊಂದು.

ರಂಗಯ್ಯ ಪಾಪ ತಡ ಮಾಡಲಿಲ್ಲ. ಬನಿಯನ್ನಿನಲ್ಲೇ ಕೂತು ಚಿತ್ರದುರ್ಗಕ್ಕೆ ಟ್ರಂಕ್ ಕಾಲ್ ಬುಕ್ ಮಾಡಿದರು. ಅಲ್ಲಿ ಕಣ್ಣು ತೆಗೆಯುವ ಅನುಕೂಲ ಇರಲಿಲ್ಲ. ಬೆಂಗಳೂರಿಗೆ ಬುಕ್ ಮಾಡಿದರು. ಲೈನು ಸಿಗುವ ಹೊತ್ತಿಗೆ ಹನ್ನೊಂದು ದಾಟಿತ್ತು. ಆ ಕಡೆಯವರು ಮರ್ಯಾದೆಯಿಂದಲೇ ಕೇಳಿದರು. ನಿಮ್ಮಲ್ಲಿ ತೆಗೆಯಲು ಬರುವ ಡಾಕ್ಟರು ಯಾರಿದ್ದಾರೆ? ಇಡಲು ಐಸಿನ ಪೆಟ್ಟಿಗೆ ಇದೆಯೇ? ಈ ಬಗ್ಗೆ ಮೊದಲೇ ಯಾರೊಂದಿಗೆ ಮಾತಾಡಿದ್ದೀರಿ? ಈಗ ಇಲ್ಲಿಂದ ಹೊರಟರೂ ಸಂಜೆಯಾಗುತ್ತದೆ, ಉಪಯೋಗವಿಲ್ಲ.

ಇತ್ತ ಮನೆಯಲ್ಲಿ ಈರಬಸಪ್ಪ ಹೆಂಡತಿಯ ತಲೆಯ ಹತ್ತಿರ ತಂಬಿಗೆ ಇಟ್ಟುಕೊಂಡು ಕೂತಿದ್ದರು. ಬೆರಳು ಅದ್ದುವುದು, ಹತ್ತಿಯ ಮೇಲೆ ಹನಿ ಬಿಡುವುದು. ಸ್ವಲ್ಪ ಹೊತ್ತಿಗೆ ಮತ್ತೆ ಅದ್ದುವುದು. ಬಂದವರು ಮಾತಾಡಿಸಿದರೆ ತಲೆ ಎತ್ತುತ್ತಿರಲಿಲ್ಲ. ಒಳಗೆ ದುಃಖ ಇದೆಯೋ ಇಲ್ಲವೋ ಅವರಿಗೇ ತಿಳಿಯುತ್ತಿರಲಿಲ್ಲ. ಹತ್ತಿ ಒಣಗಬಾರದು, ಅದೊಂದೇ ತಿಳಿಯುತ್ತಿತ್ತು. ಹೊಳಲ್ಕೆರೆಯ ಬಸ್ಸಿಳಿದು ಬಂದ ಅವರ ಅಕ್ಕ ಮರುಳಸಿದ್ದಮ್ಮ, ಮುತ್ತೈದೆ ಹೆಣದ ಕಣ್ಣಿಗೆ ಇದೇನು ಅವತಾರ, ತೆಗಿಯೋ ಅಂದರು. ತೆಗೆಯಲಿಲ್ಲ.

ಹನ್ನೆರಡೂವರೆ ಹೊಡೆಯಿತು. ರಂಗಯ್ಯ ಬಂದು ಬಾಗಿಲಲ್ಲಿ ನಿಂತು ಇಲ್ಲ ಎಂದು ತಲೆ ಆಡಿಸಿದರು. ಈರಬಸಪ್ಪ ಮತ್ತೆ ಬೆರಳು ಅದ್ದಿದರು.

ಸಂಪ್ರದಾಯದಂತೆ ಪಾರ್ವತಮ್ಮನನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವಿನ ವಿಮಾನದಲ್ಲಿ ಪೇಟೆಯ ಮೇಲೆ ಮೆರವಣಿಗೆ ಮಾಡಿಕೊಂಡು ಹೋದರು. ಎರಡೂ ಕಣ್ಣಿನ ಮೇಲೆ ಬಿಳಿ ಹತ್ತಿ. ತೆಗೆಯಲು ಹೋದವರ ಕೈಯನ್ನು ಈರಬಸಪ್ಪ ತಡೆದಿದ್ದರು. ಊರಿಗೆ ಊರೇ ನೋಡಿತು. ಗುಣಿಯಲ್ಲಿ ಕೂರಿಸಿದ ಮೇಲೂ ಬಗ್ಗಿ ಒಂದು ಸಲ ಒದ್ದೆ ಮಾಡಿದರು. ಆಮೇಲೆ ಮಣ್ಣು ಎಳೆದರು.

ಹತ್ತಿ ಕಂಡ ಊರು ಸುಮ್ಮನಿರುತ್ತದೆಯೇ? ಕಣ್ಣು ತೆಗೆದಾಗಿದೆ ಎಂದಿತು. ಸುದ್ದಿ ಸಂತೆಗೆ ಹೋಗುವಷ್ಟರಲ್ಲಿ ಬೆಂಗಳೂರಿನಿಂದ ಜೀಪು ಬಂದಿತ್ತು, ಹಿರಿಯೂರು ಮುಟ್ಟುವಷ್ಟರಲ್ಲಿ ಇಬ್ಬರಿಗೆ ಕಣ್ಣು ಬಂದಿತ್ತು. ಎದುರಿಗೆ ಸಿಕ್ಕವರು ಈರಬಸಪ್ಪನವರಿಗೆ ಕೈ ಮುಗಿದು ಪುಣ್ಯವಂತೆ ಅಂದರು. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಗರ ಬಡಿದವರ ಹಾಗೆ ನಡೆಯುತ್ತಿದ್ದರು. ಎಲ್ಲಿ ಕೂತರೂ ಬೆರಳು ತಾನಾಗಿ ನೀರಿನ ಲೋಟ ಹುಡುಕುತ್ತಿತ್ತು.

ಐದನೇ ದಿನ ರಂಗಯ್ಯ ಮನೆಗೆ ಬಂದರು. ಕೂತು ಎಲೆ ಅಡಿಕೆ ಹಾಕಿಕೊಂಡರು, ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು. ಭೀಮಸಮುದ್ರದಿಂದಲೂ ಜನ ಫಾರಂ ಕೇಳಿ ಕಳಿಸುತ್ತಿದ್ದಾರೆ. ನಾವಾಗಿ ಸುಳ್ಳು ಹೇಳಿಲ್ಲ, ಊರೇ ತಿಳಿದುಕೊಂಡಿದೆ. ಒಳ್ಳೆಯದಕ್ಕೇ ತಿಳಿದುಕೊಂಡಿದೆ.

“ಇರ್ಲಿ ಬಿಡ್ರಿ ಶಿರಸ್ತೇದಾರ್ರೆ. ಆಗಿದ್ದು ಆಗೋತು. ಅಮ್ಮನ ಹೆಸರಾದ್ರೂ ಉಳೀಲಿ.”

ಈರಬಸಪ್ಪ ಇರಲಿ ಎಂದರು. ಆಗ ಯಾರು ಏನು ಕೇಳಿದ್ದರೂ ಇರಲಿ ಎನ್ನುತ್ತಿದ್ದರು.

ಹನ್ನೊಂದನೇ ದಿನ ಶನಿವಾರ, ಮೀಟಿಂಗು. ಬರುವುದು ಬೇಡ ಎಂದರೂ ಬಂದರು. ಎದೆಗೆ ಬ್ಯಾಡ್ಜು ಚುಚ್ಚಿಕೊಂಡಿದ್ದರು, ಹಾಜರಿ ಪುಸ್ತಕ ಬಗಲಲ್ಲಿತ್ತು. ಗಂಟೆ ಬಾರಿಸಿದ್ದಾಯಿತು. ಎರಡು ನಿಮಿಷ ಮೌನ. ಹೊರಗೆ ಬಾಣಲೆಗೆ ಬಿದ್ದ ಮೆಣಸಿನಕಾಯಿಯ ಸದ್ದು ಕೇಳುತ್ತಿತ್ತು. ರಂಗಯ್ಯ ಠರಾವು ಓದಿದರು. ತಮ್ಮ ನಯನಗಳಿಂದ ಇಬ್ಬರ ಬಾಳಿಗೆ ಬೆಳಕಾದ ಶ್ರೀಮತಿ ಪಾರ್ವತಮ್ಮನವರ ನೆನಪಿನಲ್ಲಿ ಇನ್ನೂ ಇನ್ನೂರು ಪ್ರತಿಜ್ಞೆ ಕೂಡಿಸತಕ್ಕದ್ದು. ಗೊತ್ತಿದ್ದ ನಾಲ್ಕು ಜನ ನೆಲ ನೋಡಿದರು, ಗೊತ್ತಿಲ್ಲದವರು ತಲೆದೂಗಿದರು. ಈರಬಸಪ್ಪ ಎಂದಿನಂತೆ ದುಂಡಗೆ ಬರೆದುಕೊಳ್ಳುತ್ತಿದ್ದರು. ಬೆಳಕಾದ ಎಂಬಲ್ಲಿಗೂ ಪೆನ್ನು ನಿಲ್ಲಲಿಲ್ಲ.

ಆಗ ಬಾಗಿಲಲ್ಲಿ ಕಂಬಳಿ ಕಂಡಿತು. ಜುಂಜಣ್ಣ, ಅವನ ಹೆಗಲು ಹಿಡಿದುಕೊಂಡು ಓಬವ್ವ. ಸುದ್ದಿ ಹಟ್ಟಿಗೆ ಮುಟ್ಟುವುದಕ್ಕೆ ಇಷ್ಟು ದಿನ ಬೇಕಾಗಿತ್ತು. ಕ್ಲಬ್ಬಿನವರು ಮೀಟಿಂಗಿಗೆ ಸೇರುವ ದಿನ ಕೇಳಿಕೊಂಡು ಬಸ್ಸು ಹತ್ತಿ ಬಂದಿದ್ದರು. ರಂಗಯ್ಯ ಎದ್ದು, ಬರ್ರಿ ಬರ್ರಿ ಎಂದು ಓಬವ್ವನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಜುಂಜಣ್ಣ ಕೂರಲಿಲ್ಲ, ಪಕ್ಕದಲ್ಲಿ ನಿಂತ. ಅವನು ಬಾಯಿ ಬಿಡುವ ಮೊದಲೇ ರಂಗಯ್ಯ ಸಮಾಧಾನ ಹೇಳತೊಡಗಿದರು. ಈ ಸಲ ಬೆಂಗಳೂರಿನಲ್ಲೇ ತುರ್ತು ಇದ್ದವರಿಗೆ ಹೋದವು, ಪಟ್ಟಿಯಲ್ಲಿ ನಿನ್ನ ಮಗಳ ನಂಬರು ಹಾಗೇ ಇದೆ, ಮುಂದಿನ ಸಲ ಖಂಡಿತ.

ಅವರ ಮಾತು ಮುಗಿಯಿತು. ಓಬವ್ವ, ಶಿರಸ್ತೇದಾರ್ರು ಯಾವ ಕಡೆ ಕುಂತವ್ರೆ ಎಂದು ಅಪ್ಪನನ್ನು ಕೇಳಿ ಆ ಕಡೆಗೆ ಮುಖ ತಿರುಗಿಸಿದಳು.

“ಸ್ವಾಮಿ, ಅಮ್ಮಾರು ನಂಗೇ ಕೊಡ್ತೀನಿ ಅಂದಿದ್ರು. ನಾನೇನು ಕೇಳಿರ್ಲಿಲ್ಲ, ಅವ್ರೇ ಅಂದಿದ್ರು. ಬ್ಯಾರೆಯೋರಿಗೆ ಯಾಕೆ ಕೊಟ್ರು? ನನ್ನಿಂದ ಏನಾರ ತಪ್ಪಾತಾ?”

ಬೈದಿದ್ದರೆ ಈರಬಸಪ್ಪ ಇರಲಿ ಎಂದುಕೊಂಡು ಕೂತಿರುತ್ತಿದ್ದರು. ಆದರೆ ಈ ಹುಡುಗಿ ಇಷ್ಟು ದೂರ ಬಂದು, ಪಾರ್ವತಿ ಮಾತಿಗೆ ತಪ್ಪಿದಳು ಎಂದು ತಿಳಿದುಕೊಂಡು ಹಟ್ಟಿಗೆ ಹೋಗಲಿದ್ದಳು. ಅದನ್ನು ಇಟ್ಟುಕೊಂಡೇ ಬದುಕಲಿದ್ದಳು. ಹೆಸರು ಉಳಿಯುವುದೆಂದರೆ ಇದೇನೆ? ಪೆನ್ನಿಗೆ ಟೊಪ್ಪಿ ಹಾಕಿ ಎದ್ದರು. ರಂಗಯ್ಯ ಶಿರಸ್ತೇದಾರ್ರೆ ಎಂದು ಎಚ್ಚರಿಸಿದ್ದು ಕೇಳಿಸಿತು, ಆದರೆ ಅದು ಬೇರೆ ಯಾರನ್ನೋ ಕರೆದ ಹಾಗಿತ್ತು.

“ಆಕೆ ಮಾತು ತಪ್ಪಲಿಲ್ಲ ತಾಯಿ,” ಅಂದರು. “ಕಣ್ಣು ಯಾರಿಗೂ ಹೋಗಿಲ್ಲ. ಆಕೆ ಜತೀಗೆ ಮಣ್ಣಾದ್ವು. ತೆಗಿಯೋರನ್ನ ಯಾರು ಕರೀಬೇಕು, ಎಲ್ಲಿಂದ ಕರೀಬೇಕು ಅಂತ ಆಕೆ ನನ್ನ ಮೊದ್ಲೇ ಕೇಳಿದ್ಲು. ನಾನು ಫಾರಂ ಮಾಡ್ದೆ, ಅದೊಂದು ಮಾಡ್ಲಿಲ್ಲ. ಸಾಯಾಗ ನಿಮ್ಮೂರಿಗೆ ಹೇಳಿ ಕಳ್ಸು ಅಂದ್ಲು, ಅದನ್ನೂ ಮಾಡ್ಲಿಲ್ಲ. ಯಾವ ಮುಖ ಇಟ್ಕಂಡು ಹೇಳಿ ಕಳಿಸ್ಲಿ?”

ಮೆಣಸಿನಕಾಯಿ ತಟ್ಟೆ ಹಿಡಿದುಕೊಂಡು ಬಂದವನು ಬಾಗಿಲಲ್ಲೇ ನಿಂತ.

“ಹತ್ತಿ ಇಟ್ಟಿದ್ರಂತಲ್ಲ ಸ್ವಾಮಿ,” ಎಂದ ಜುಂಜಣ್ಣ. “ಕಂಡೋರು ಹೇಳಿದ್ರು.”

“ಒದ್ದೆ ಹತ್ತಿ. ಕಣ್ಣು ಕೆಡದಂಗೆ ಇಡಾದು. ಒಣಗಕ್ಕೆ ಬಿಡ್ಲಿಲ್ಲ ಜುಂಜಣ್ಣ. ಬೆಳಿಗ್ಗಿಂದ ಗುಣಿಗೆ ಇಳಿಸಾ ಗಂಟ ಒಂದ್ಸಲಾನೂ ಒಣಗಕ್ಕೆ ಬಿಡ್ಲಿಲ್ಲ.”

ಓಬವ್ವ ತಲೆ ತಗ್ಗಿಸಿ ಕೂತಿದ್ದಳು. ನೂಲು ಹೊಸೆಯುವವಳ ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದವು. ತನಗೆ ತಾನೇ ಹೇಳಿಕೊಂಡ ಹಾಗೆ ಹೇಳಿದಳು.

“ಹಂಗಾರೆ ಅಮ್ಮಾರು ನನಗೋಸ್ಕರ ಕಾಯ್ಕಂಡೇ ಹೋಗ್ಯಾರೆ.”

ಈರಬಸಪ್ಪನವರ ಕೈ ಮೇಜಿನ ಮೇಲಿದ್ದ ನೀರಿನ ಲೋಟಕ್ಕೆ ಹೋಯಿತು. ಬೆರಳು ಅದ್ದಿದರು. ಅದ್ದಿದ ಬೆರಳನ್ನು ಎಲ್ಲಿಡಬೇಕೆಂದು ತಿಳಿಯದೆ ಸುತ್ತ ನೋಡಿದರು, ಇಡುವ ಜಾಗ ಎಲ್ಲೂ ಇರಲಿಲ್ಲ. ಹೆಂಡತಿ ಸತ್ತಿದ್ದಾಳೆ ಎಂಬುದು ಆಗ ಅವರಿಗೆ ಗೊತ್ತಾಯಿತು. ಹನ್ನೊಂದು ದಿನ ಬಾರದ ಅಳು ಬಂತು. ಎದೆಯ ಮೇಲೆ ಬ್ಯಾಡ್ಜು ಇದ್ದ ಹಾಗೇ, ಅಷ್ಟು ಜನರ ಮುಂದೆ ನಿಂತು ಅತ್ತರು. ರಂಗಯ್ಯ ಗಂಟೆಯ ಹತ್ತಿರ ಕೈ ತಂದವರು ಬಾರಿಸದೆ ಕೈ ಹಿಂದಕ್ಕೆ ತೆಗೆದುಕೊಂಡರು. ಜುಂಜಣ್ಣ ಹೋಗಿ ತನ್ನ ಕಂಬಳಿಯನ್ನು ಶಿರಸ್ತೇದಾರರ ಹೆಗಲಿಗೆ ಹೊದಿಸಿ, ಮಗಳ ಪಕ್ಕದ ಕುರ್ಚಿಯಲ್ಲಿ ಅವರನ್ನು ಕೂರಿಸಿದ.